ಕುದುರೆಯಮ್ಮನಿಗೆ ದಿನಾ ಒಂದು ಗಜ್ಜರಿ

ವಸ್ತುಸಂಗ್ರಹಾಲಯದ ಕುದುರೆಯಮ್ಮನ ಮುಂದೆ ದಿನಾ ಮಧ್ಯಾಹ್ನ ಯಾರೋ ಒಂದು ಗಜ್ಜರಿ ಇಟ್ಟು ಹೋಗುತ್ತಿದ್ದರು. ತಾಪತ್ರಯ ಶುರುವಾದದ್ದೇ ಅಲ್ಲಿಂದ. ಸೊಂಟದವರೆಗೆ ಹೆಂಗಸು, ಅದರ ಕೆಳಗೆ ಕುದುರೆಯಾಗಿದ್ದ ಕಲ್ಲಿನ ವಿಗ್ರಹ ಅದು. ಗಂಡನ ಅನುಮಾನದ ಕಾಟ ತಾಳಲಾರದೆ, ನೆರಳನ್ನು ಮನೆಯಲ್ಲೇ ಬಿಟ್ಟು, ಹೆಣ್ಣುಕುದುರೆಯಾಗಿ ಕಾಡಿಗೆ ಓಡಿಹೋದವಳಂತೆ. ಬಂದವರಿಗೆಲ್ಲ ಈ ಕತೆ ಒಪ್ಪಿಸುವುದು ಆ ಕೋಣೆಯ ಕಾವಲುಗಾರನ ಕೆಲಸ. ಜೊತೆಯವರು ಅವನನ್ನು ಪತ್ತೇದಾರ ಎನ್ನುತ್ತಿದ್ದರು. ಒಲೆಯ ಮೇಲೆ ಹಾಲು ಉಕ್ಕಿದರೂ ಅದರಲ್ಲಿ ಯಾರದೋ ಕೈವಾಡ ಹುಡುಕುವ ಆಸಾಮಿ.

"ಇದು ಮ್ಯೂಸಿಯಮ್ಮೋ, ಲಾಯವೋ?" ಎಂದು ಅಧಿಕಾರಿ ಆ ದಿನ ಬೆಳಿಗ್ಗೆಯೇ ಅವನನ್ನು ತರಾಟೆಗೆ ತೆಗೆದುಕೊಂಡಿದ್ದರು. "ಇಟ್ಟವರನ್ನ ಪೊಲೀಸರಿಗೆ ಕೊಡ್ತೀನಿ. ಯಾರು ಅಂತ ಇವತ್ತೇ ಹೇಳ್ಬೇಕು. ಇಲ್ದಿದ್ರೆ ನಾಳೆಯಿಂದ ನೀನು ಬರ್ಬೇಡ."

ಹನ್ನೊಂದು ವರ್ಷದ ಕೆಲಸ. ಪತ್ತೇದಾರ ಪೀಠದ ಅಂಚಿಗೆಲ್ಲ ಮೊಹರಿನ ನೀಲಿ ಶಾಯಿ ಸವರಿದ. ಬೆರಳೇ ಸಾಕ್ಷಿ ಹೇಳಲಿ ಎಂದು ಮೂಲೆಯಲ್ಲಿ ಕೂತು ಕಾದ.

ಮಧ್ಯಾಹ್ನ ಎಂದಿನಂತೆ ಹೆಂಡತಿ ಊಟದ ಡಬ್ಬಿ ತಂದಳು. ಅವನು ಕೈ ತೊಳೆದು ಬರುವಷ್ಟರಲ್ಲಿ ಗೊರಸಿನ ಬುಡದಲ್ಲಿ ಗಜ್ಜರಿ ಬಿದ್ದಿತ್ತು.

ಡಬ್ಬಿಯನ್ನು ಅಲ್ಲೇ ಬಿಟ್ಟು ಟಿಕೆಟ್ ಕಿಟಕಿಗೆ ಓಡಿದ. "ಅಕ್ಕಾ, ಕೈ ತೋರಿಸಿ." ಟಿಕೆಟ್ ಅಕ್ಕನ ಹತ್ತೂ ಬೆರಳು ನೀಲಿ.

"ಸಿಕ್ಕಿಬಿದ್ರಿ ನೋಡಿ."

"ದಿನಾ ಇನ್ನೂರು ಟಿಕೆಟ್‌ಗೆ ಮೊಹರು ಒತ್ತೋ ಕೈ ಇನ್ನು ಹೇಗಿರುತ್ತಪ್ಪಾ? ತಲೆ ನೆಟ್ಟಗಿದೆಯಾ ನಿನಗೆ?"

ಕಸ ಗುಡಿಸುವ ಅಜ್ಜಿಯ ಕಡೆ ತಿರುಗಿದ. ಅಜ್ಜಿಯ ಅಂಗೈಯಷ್ಟೇ ಅಲ್ಲ, ಕೆನ್ನೆಯೂ ನೀಲಿ.

"ಬಾಗಿಲ ಹಿಡಿಗೆಲ್ಲ ಯಾವನೋ ಶಾಯಿ ಮೆತ್ತಿದಾನೆ. ಬೆಳಿಗ್ಗೆಯಿಂದ ಅದನ್ನೇ ಉಜ್ಜಿ ಸಾಯ್ತಿದೀನಿ. ಎಲ್ಲಿ, ನಿನ್ನ ಕೈ ತೋರ್ಸು," ಎಂದಿತು ಅಜ್ಜಿ. ಅವನು ಕೈಯನ್ನು ಜೇಬಿಗೆ ತುರುಕಿಕೊಂಡು ಹಿಂದಕ್ಕೆ ಓಡಿದ. ಅಜ್ಜಿ, ಟಿಕೆಟ್ ಅಕ್ಕ ಇಬ್ಬರೂ ದೂರು ಹೇಳಲು ನೆಟ್ಟಗೆ ಅಧಿಕಾರಿಯ ಕೋಣೆಗೆ ನಡೆದರು.

"ಊಟ ಆರಿಹೋಯ್ತು, ಬನ್ನಿ," ಎಂದು ಹೆಂಡತಿ ಚಮಚ ಚಾಚಿದಳು. ಅವಳ ಹೆಬ್ಬೆರಳು ನೀಲಿ.

"ನೀನಾ?"

"ನಾನೇ ಕಣ್ರೀ. ಎರಡು ತಿಂಗಳಾಯ್ತು."

ಪತ್ತೇದಾರ ಅವಳ ಕಾಲ ಬಳಿ ನೆರಳು ಇದೆಯೋ ಇಲ್ಲವೋ ಎಂದು ಬಗ್ಗಿ ನೋಡಿದ. ಇತ್ತು. ಆದರೂ ಸಮಾಧಾನವಾಗಲಿಲ್ಲ.

"ಏನಂತ ಬೇಡ್ಕೊಂಡೆ? ನಿಜ ಹೇಳು."

"ನಿಮ್ಮ ಅನುಮಾನದ ಬುದ್ಧಿ ಹೋಗ್ಲಿ ಅಂತ."

ಅಷ್ಟರಲ್ಲಿ ಇಬ್ಬರು ಹೆಂಗಸರನ್ನೂ ಹಿಂದಿಟ್ಟುಕೊಂಡು ಅಧಿಕಾರಿ ಬಂದರು. "ಎಲ್ಲರ ಕೈ ನೋಡಿದ್ದಾಯ್ತಲ್ಲ. ಹೇಳಯ್ಯಾ, ಯಾರ ಮೇಲೆ ನಿನಗೆ ಅನುಮಾನ?"

ಹೆಂಡತಿ ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಳು. ಪೊಲೀಸರ ಜೀಪು ಅವನ ಕಣ್ಣ ಮುಂದೆ ಬಂತು. 

"ನನಗೆ ಯಾರ ಮೇಲೂ ಅನುಮಾನ ಇಲ್ಲ ಸರ್."

ಟಿಕೆಟ್ ಅಕ್ಕ ಬಾಯಿ ತೆರೆದವಳು ಮುಚ್ಚಲಿಲ್ಲ.

"ಹಾಗಾದ್ರೆ ಬೀಗದ ಕೈ ಇಲ್ಲಿಟ್ಟು ಹೊರಡು," ಎಂದರು ಅಧಿಕಾರಿ.

ಅವನು ಬೀಗದ ಕೈ ಕೊಟ್ಟು ತಿರುಗಿದ. ಹೆಂಡತಿ ಕುದುರೆಯಮ್ಮನಿಗೆ ಕೈ ಮುಗಿದು ನಿಂತಿದ್ದಳು. ಕಣ್ಣಲ್ಲಿ ನೀರು, ಮುಖದಲ್ಲಿ ನಗು.

"ನೋಡಿದ್ರಾ," ಎಂದಳು ಅವನಿಗಷ್ಟೇ ಕೇಳುವಂತೆ, "ಎರಡೇ ತಿಂಗಳಿಗೆ ಕೇಳಿಸ್ಕೊಂಡ್ಲು."