ಬಿಸಿಲಿನ ಹಿಂಡಿ

ಒಂದೇ ಮನೆಗೆ ಇಬ್ಬರು ಅಳಿಯಂದಿರು ಒಂದೇ ದಿನ ಬಂದಿಳಿದಂತೆ, ಅವತ್ತು ಬೆಳಿಗ್ಗೆ ಹಾಲೇಶಪ್ಪನ ಮಾಳಿಗೆಯ ಮೇಲೆ ಎರಡು ಸೋಲಾರ್ ಪ್ಲೇಟುಗಳು ಬಂದು ಕೂತದ್ದೇ ಎಲ್ಲಕ್ಕೂ ಮೂಲ. ಒಂದು ನೀಲಿ, ದುಬಾರಿ ಗತ್ತಿನದು. ಇನ್ನೊಂದು ಕಪ್ಪು, ಬೆಲೆ ನೀಲಿಯ ಅರ್ಧ. ಉದ್ದ ಅಗಲ ಎರಡಕ್ಕೂ ಒಂದೇ. ನೀಲಿಯ ಹಿಂದೆ ಚಿತ್ರದುರ್ಗದಿಂದ ಬಾಲರಾಜು ಬಂದಿದ್ದ, ಕಪ್ಪಿನ ಹಿಂದೆ ಬಳ್ಳಾರಿಯಿಂದ ಮಲ್ಲಿಕ್ ಬಂದಿದ್ದ. ಇಬ್ಬರ ಕಂಪನಿಗೂ ಚಳ್ಳಕೆರೆ ತಾಲ್ಲೂಕಿಗೆ ಡಿಪಾಜಿಟ್ಟು ಇಡುವ ಒಬ್ಬ ಡೀಲರು ಬೇಕಾಗಿದ್ದ. ಹಾಲೇಶಪ್ಪನ ಹತ್ತಿರ, ತಾನು ದುಡಿಯುತ್ತಿದ್ದ ಎಣ್ಣೆ ಮಿಲ್ಲು ಬಾಗಿಲು ಹಾಕಿದಾಗ ಪಾಲಿಗೆ ಬಂದ ದುಡ್ಡಿತ್ತು.

ಇತ್ತು ಅಂದರೆ, ಅರ್ಧ ಇತ್ತು. ಉಳಿದರ್ಧವನ್ನು ಹಿಂದಿನ ವರ್ಷವೇ ತೇಗದ ಮರ ಬೆಳೆಸಿಕೊಡುತ್ತೇವೆಂದ ಕಂಪನಿಯೊಂದು ಬೇರುಸಮೇತ ಕಿತ್ತುಕೊಂಡು ಹೋಗಿತ್ತು. ಅಂದಿನಿಂದ ಹೆಂಡತಿ ತಿಪ್ಪೇರುದ್ರಮ್ಮ ಮಿಕ್ಕ ದುಡ್ಡಿನ ಮೇಲೆ ನಿಧಿ ಕಾಯುವ ಸರ್ಪದ ಹಾಗೆ ಕೂತಿದ್ದಳು.

"ಇದೊಂದು ಸಲ ನಿಮ್ಮ ಕೈಗೆ ಕೊಡ್ತೀನಿ," ಎಂದಿದ್ದಳು ಬೆಳಿಗ್ಗೆ. "ಈ ಸಲಾನೂ ಎಡವಟ್ಟಾದ್ರೆ ಸೀದಾ ಮೊಳಕಾಲ್ಮೂರು ಬಸ್ ಹತ್ರಿ. ನಮ್ಮ ತಮ್ಮನ ಸೀರೆ ಅಂಗಡ್ಯಾಗೆ, ಗಿರಾಕಿಗಳು ಕೆದರಿ ಬಿಟ್ಟೋದ ಸೀರೆ ಮಡಚೋಕೆ ಒಬ್ರು ಬೇಕಂತೆ."

ಆ ಭಾಮೈದ "ಭಾವ" ಎಂದು ಕರೆಯುವ ಮುಂಚೆ ಸಣ್ಣಗೆ ನಗುತ್ತಿದ್ದ. ದಿನಾ ಆ ನಗು ನೋಡುತ್ತ ಸೀರೆ ಮಡಚುವುದಕ್ಕಿಂತ ಗಾಣಕ್ಕೆ ಕೊರಳು ಕೊಡುವುದು ಲೇಸೆನಿಸಿತು ಹಾಲೇಶಪ್ಪನಿಗೆ.

ಅವನಿಗೂ ಒಂದು ಹೆಸರಿತ್ತು. ಮಂಡಿಯಲ್ಲಿ ಶೇಂಗಾ ಚೀಲಕ್ಕೆ ಕೈಯಿಟ್ಟು, ನಾಲ್ಕು ಕಾಯಿ ಒಡೆದು, ಮೂಸಿ, ಕಚ್ಚಿ, ನೂರಕ್ಕೆ ಎಷ್ಟು ಎಣ್ಣೆ ಇಳಿಯುತ್ತದೆಂದು ಹೇಳಿದರೆ ಮಿಲ್ಲಿನ ಮಾಲೀಕ ಮರುಮಾತಾಡುತ್ತಿರಲಿಲ್ಲ. ಆ ರೂಢಿಯಲ್ಲೇ ಈಗ ಪ್ಲೇಟುಗಳ ಮುಂದೆ ಕುಕ್ಕರಗಾಲಲ್ಲಿ ಕೂತ. ಬೆರಳ ಗೆಣ್ಣಿನಿಂದ ತಟ್ಟಿದ. ಮೂಸಿದ. ನಾಲಗೆ ಇನ್ನೇನು ಗಾಜಿಗೆ ತಗಲಬೇಕು, ಬಾಲರಾಜು ಹೌಹಾರಿ ಹೆಗಲು ಹಿಡಿದ.

"ಸಾರ್, ಇದು ಶೇಂಗಾ ಅಲ್ಲ! ನಮ್ಮದು ನೂರು ಪಾಲು ಬಿಸಿಲಿಗೆ ಹದಿನಾಲ್ಕು ಪಾಲು ಕರೆಂಟು ಕೊಡ್ತೈತೆ. ಅವರದು ಬರೀ ಆರು."

"ಬೆಲೆ ಹೇಳೋ ಬೆಲೆ," ಎಂದ ಮಲ್ಲಿಕ್. "ನಿಂದೊಂದು ತಗೊಳ್ಳೋ ದುಡ್ಡಿಗೆ ನಮ್ಮವು ಎರಡು ಬರ್ತಾವೆ."

"ಎರಡು ತಗೊಂಡ್ರೂ ಹನ್ನೆರಡೇ. ಮಾಳಿಗೆ ಯಾರದಪ್ಪ ಅಷ್ಟು ಅಗಲ?"

ಗಮಕದವರ ಹಾಗೆ ಒಬ್ಬ ರಾಗವಾಗಿ ಪದ್ಯ ಓದಿದರೆ ಇನ್ನೊಬ್ಬ ಕೂಡಲೇ ಅದಕ್ಕೆ ಅಪಾರ್ಥ ಹೇಳುತ್ತಿದ್ದ. ಅಷ್ಟರಲ್ಲಿ ಎದುರುಮನೆಯ ಚಿಕ್ಕೀರಪ್ಪ ಕಂಬಳಿ ಹೆಗಲಿಗೇರಿಸಿಕೊಂಡು ಮೆಟ್ಟಿಲು ಹತ್ತಿ ಬಂದ. ಹಿಂಡಿ ವ್ಯಾಪಾರದಲ್ಲಿ ತಲೆ ನರೆತ ಮನುಷ್ಯ. ಕರೆಯದೆ ಬರುವುದರಲ್ಲಿ ಯಮನಿಗೂ ಒಂದು ಹೆಜ್ಜೆ ಮುಂದೆ.

"ನೂರಕ್ಕೆ ಹದಿನಾಲ್ಕಾ?" ಎಂದ ಹುಬ್ಬೇರಿಸಿ. "ನಮ್ಮ ಶೇಂಗಾ ಕಾಳು ನೂರಕ್ಕೆ ನಲವತ್ತು ಎಣ್ಣೆ ಬಿಡ್ತೈತೆ. ಉಳಿದದ್ದು ಹಿಂಡಿ, ದನ ತಿಂತಾವೆ. ನಿನ್ನ ಹಿಂಡಿ ಎಲ್ಲೈತಪ್ಪ?"

"ಯಾವ ಹಿಂಡಿ ಸಾರ್?"

"ಹದಿನಾಲ್ಕು ಕರೆಂಟು ಆಯ್ತು. ಮಿಕ್ಕ ಎಂಬತ್ತಾರು?"

ಬಾಲರಾಜು ತಲೆ ಕೆರೆದುಕೊಂಡ. "ಕೊಂಚ ಹೊಳೆದು ವಾಪಸ್ ಹೋಗ್ತೈತೆ. ಮಿಕ್ಕಿದ್ದು ಕಾವಾಗಿ ಹಾಳಾಗ್ತೈತೆ."

"ಹಿಂಡಿ ಬೀದಿಗೆ ಸುರಿಯೋ ಮಿಲ್ಲು ನಾನೆಲ್ಲೂ ಕಾಣೆ!" ಚಿಕ್ಕೀರಪ್ಪ ಮಲ್ಲಿಕ್ ಕಡೆ ತಿರುಗಿದ. "ನಿಂದು ಆರಾ? ಸೂರ್ಯನಾರಾಯಣ ನೂರು ಕೊಟ್ರೆ ನೀನು ಆರು ಮುಟ್ಟಿಸ್ತೀಯ. ಲೇ, ನಿಮ್ಮಪ್ಪ ಯಾವುದಾದ್ರೂ ಗುಡಿ ಹುಂಡಿ ಎಣಿಸ್ತಿದ್ನಾ?"

ಕೊನೆಗೆ ಹಾಲೇಶಪ್ಪನೇ ತೀರ್ಮಾನ ಕೊಟ್ಟ. ಒಂದೊಂದು ಪ್ಲೇಟಿಗೆ ಒಂದೊಂದು ಪುಟ್ಟ ಫ್ಯಾನು ಕಟ್ಟಿ, ತಂತಿ ಇಳಿಸಿ, ಕೆಳಗೆ ಪಡಸಾಲೆಯಲ್ಲಿ ಇಡುವುದು. ಸಂಜೆಯವರೆಗೆ ಯಾವುದು ಚೆನ್ನಾಗಿ ತಿರುಗುತ್ತದೋ ಆ ಕಂಪನಿಗೆ ಡಿಪಾಜಿಟ್ಟು. ಎಲ್ಲರೂ ಕೆಳಗಿಳಿದರು. ನೀಲಿಯ ಫ್ಯಾನು ಜಾತ್ರೆಗೆ ಹೊರಟ ಹುಡುಗಿಯಂತೆ ತಿರುಗಿತು. ಕಪ್ಪಿನದು ಜಾತ್ರೆ ಮುಗಿಸಿ ಬಂದ ಅಜ್ಜಿಯಂತೆ ತಿರುಗಿತು. ತಿರುಗಿದ್ದಂತೂ ನಿಜ.

ಮಧ್ಯಾಹ್ನದ ಹೊತ್ತಿಗೆ ಅಜ್ಜಿ ಏದುಸಿರು ಬಿಟ್ಟು ನಿಂತೇಬಿಟ್ಟಳು. ಮಲ್ಲಿಕ್ ಮಾಳಿಗೆಗೆ ಓಡಿದ. ಹಿಂದೆಯೇ ಎಲ್ಲರೂ ಓಡಿದರು. ನೋಡಿದರೆ ಕಪ್ಪು ಪ್ಲೇಟಿನ ತುಂಬ ಸಾಲು ಸಾಲಾಗಿ ಸಂಡಿಗೆ! ಪಕ್ಕದ ಮಾಳಿಗೆಯ ರಂಗಕ್ಕ, ತಳಕಿನಿಂದ ಕೊಂಡ್ಲಹಳ್ಳಿವರೆಗೆ ಅಂಗಡಿಗಳಿಗೆಲ್ಲ ಸಂಡಿಗೆ ಹಾಕುವಾಕೆ, ಕೊನೆಯ ಸಾಲು ಇಡುತ್ತಿದ್ದಳು.

"ಅಮ್ಮಾ, ಏನಿದು?" ಮಲ್ಲಿಕ್ ಕಿರುಚಿದ.

"ಅಕ್ಕಿ ಸಂಡಿಗೆ ಕಣಪ್ಪ. ನಿನ್ನ ಗಾಜು ಹಂಚಿನಂಗೆ ಕಾದಿತ್ತು. ಸುಮ್ನೆ ಬಿಡೋಕೆ ಮನಸು ಬರ್ಲಿಲ್ಲ."

"ತೆಗೀರಮ್ಮ ಬೇಗ!"

"ಹಸೀದು ಎತ್ತಿದ್ರೆ ಹರಿದೋಗ್ತಾವೆ. ಒಣಗ್ಲಿ, ನಿನಗೂ ನಾಲ್ಕು ಕರಿದು ಕೊಡ್ತೀನಿ. ಅಳಬ್ಯಾಡ."

ಹಾಲೇಶಪ್ಪ ಮೀಸೆಯಡಿ ನಕ್ಕ. "ಸಂಡಿಗೆ ಇಟ್ರೆ ನಿಂತೋಗೋ ಮಿಲ್ಲು ಇದು," ಎನ್ನುತ್ತ ಕೆಳಗಿಳಿದ. ಆದರೆ ಊಟ ಮುಗಿಸಿ ಕೈ ತೊಳೆಯುವಷ್ಟರಲ್ಲಿ ಹುಡುಗಿಯೂ ನಿಂತಿದ್ದಳು. ಈ ಸಲ ಓಡಿದವನು ಬಾಲರಾಜು. ನೀಲಿ ಪ್ಲೇಟು ಚಿಕ್ಕೀರಪ್ಪನ ಕಂಬಳಿ ಹೊದ್ದು ಮಲಗಿತ್ತು. ಪಕ್ಕದಲ್ಲೇ ಕೂತು ಚಿಕ್ಕೀರಪ್ಪ ಬೀಡಿ ಸೇದುತ್ತಿದ್ದ.

"ಮುಟ್ಟಿ ನೋಡಿದೆ, ಮೈ ಬೆಚ್ಚಗಿತ್ತು," ಎಂದ. "ಜ್ವರ ಬಂದಂಗೆ. ಬೆಳಗ್ಗಿಂದ ಒಂದೇ ಸಮ ದುಡಿದೈತೆ, ಪಾಪ. ಚೂರು ಬೆವರು ಬಿಟ್ರೆ ಇಳಿತೈತೆ ಅಂತ ಹೊದಿಸ್ದೆ."

ಕಂಬಳಿ ಕಿತ್ತೆಸೆದದ್ದೇ ತಡ, ಕೆಳಗೆ ಫ್ಯಾನು ಭರ್ರೆಂದು ತಿರುಗಿ, ಪಡಸಾಲೆಯಲ್ಲಿ ಆರಲು ಹಾಕಿದ್ದ ಹಾಲೇಶಪ್ಪನ ಪಂಚೆಯನ್ನು ಬಾಗಿಲಾಚೆ ಹಾರಿಸಿತು. ಅವನಿಗೆ ಅದೇ ದೈವವಾಣಿಯಾಯಿತು. ಕಸುವಿದ್ದರೆ ಹೀಗಿರಬೇಕು! ದುಬಾರಿಯಾದರೂ ಕಾಳು ಗಟ್ಟಿ. ತಿಪ್ಪೇರುದ್ರಮ್ಮನನ್ನು ಕೂಗಿದ. ದುಡ್ಡು ಹೊರಬಂತು. ಬಾಲರಾಜು ತೋರಿಸಿದಲ್ಲೆಲ್ಲ ಸಹಿ ಹಾಕಿದ. ಡಿಪಾಜಿಟ್ಟು ಐದು ವರ್ಷ ವಾಪಸು ಬರುವುದಿಲ್ಲ ಎಂಬುದನ್ನು ಬಾಲರಾಜು ಮೆಟ್ಟಿಲಿಳಿಯುತ್ತ ಹೇಳಿ, ದುರ್ಗದ ಬಸ್ಸು ಹಿಡಿದ.

ಹಾಲೇಶಪ್ಪ ಕಾಫಿ ತರಿಸಿಕೊಂಡು ಕಾಲು ಚಾಚಿ ಕೂತ. ಮುಂದಿನ ಸಲ ತನ್ನನ್ನು ಕಂಡಾಗ ಭಾಮೈದ "ಭಾವ" ಎನ್ನುವ ಮುಂಚೆ ಎದ್ದು ನಿಲ್ಲಬೇಕು, ಹಾಗೆ ಮಾಡುತ್ತೇನೆ ಅಂದುಕೊಂಡ. ಆಗ ತಲೆಯ ಮೇಲೆ ದಡದಡ ಹೆಜ್ಜೆ ಸದ್ದು. ಹತ್ತಿ ಹೋಗಿ ನೋಡಿದ. ಬೀದಿಯ ಹೆಂಗಸರೆಲ್ಲ ಕಪ್ಪು ಪ್ಲೇಟಿನ ಸುತ್ತ ನೆರೆದಿದ್ದರು. ರಂಗಕ್ಕ ಸಂಡಿಗೆಯೊಂದನ್ನು ಮುರಿದಳು. ಪಟ್ ಎಂದಿತು.

"ಕೇಳಿದ್ರೇನ್ರೇ ಸದ್ದು? ಎರಡು ಬಿಸಿಲು ಬೇಕಾದದ್ದು ಅರ್ಧ ಬಿಸಿಲಿಗೇ ಆಗೋಯ್ತು. ಧೂಳಿಲ್ಲ, ಅಂಟಲಿಲ್ಲ."

"ನನ್ನದರ ಮೇಲಿಟ್ಟು ನೋಡ್ಬೇಕಿತ್ತು ನೀವು," ಎಂದ ಹಾಲೇಶಪ್ಪ, ಡೀಲರನ ಗತ್ತಿನಲ್ಲಿ.

"ಇಟ್ಟಿದ್ದೆ ಕಣಣ್ಣ, ಒಂದು ಸಾಲು, ಕಂಬಳಿ ಮುಟ್ಟದ ಅಂಚಿನಾಗೆ. ಇನ್ನೂ ಮೆತ್ತಗವೆ. ಅದ್ಯಾಕೋ ಸಪ್ಪೆ."

ಮಲ್ಲಿಕ್ ಬೆಳಿಗ್ಗೆ ಬಂದ ಮಲ್ಲಿಕ್‌ನಂತೆಯೇ ಇರಲಿಲ್ಲ. ಹೆಗಲು ಎರಡಿಂಚು ಎತ್ತರವಾಗಿತ್ತು. "ಅಮ್ಮಾ, ಅವರದು ಬಿಸಿಲನ್ನ ತಾನೇ ತಿಂದು ಕರೆಂಟು ಮಾಡ್ಕೊಂತೈತೆ. ನಮ್ಮದು ಆರೇ ಆರು ತಿಂದು ಮಿಕ್ಕಿದ ಕಾವೆಲ್ಲ ನಿಮಗೇ ಬಿಡ್ತೈತೆ. ಬೆಲೆ ಅರ್ಧ!"

"ಅದನ್ನ ಮಾಡಿರೋದು ಕರೆಂಟಿಗೆ ಕಣ್ರೇ!" ಹಾಲೇಶಪ್ಪನ ದನಿ ಕೀರಲಾಯಿತು.

"ಕರೆಂಟು ಕಂಬದಾಗೆ ಬರ್ತೈತಲ್ಲಣ್ಣ," ಎಂದಳು ರಂಗಕ್ಕ. "ಬಂದಾಗ ಬರ್ಲಿ ಬಿಡು. ನಾವು ಹೆಂಗಸ್ರು ಚೀಟಿ ದುಡ್ಡು ಸೇರಿಸಿ ಈಯಪ್ಪನ ಕಂಪನಿ ಡೀಲರ್‌ಶಿಪ್ಪು ತಗೊಂಡ್ವಿ. ಈ ಬೀದಿ ಒಂದರಾಗೇ ಹನ್ನೊಂದು ಪ್ಲೇಟು."

"ಹನ್ನೊಂದಾ? ನಿಮ್ಮ ಚೀಟಿ ಗುಂಪಿನಾಗೆ ಇರೋದು ಹತ್ತು ಮನೆ!"

ಗುಂಪು ಒಂದಿಷ್ಟು ಸರಿಯಿತು. ನಡುವೆ ತಿಪ್ಪೇರುದ್ರಮ್ಮ, ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು, ಆಗಲೇ ತನ್ನ ಸ್ವಂತವಾಗಿದ್ದ ಆ ಕಪ್ಪು ಪ್ಲೇಟಿನ ಮುಂದೆ ಕೂತಿದ್ದಳು. ಗಂಡನನ್ನು ನೋಡಿದಳು. ಅವನ ಹಿಂದೆ ಗತ್ತಿನಿಂದ ನಿಂತಿದ್ದ ನೀಲಿ ಪ್ಲೇಟನ್ನೂ ನೋಡಿದಳು.

"ಏನ್ರಿ, ನಿಮ್ಮದರ ನೆರಳು ನನ್ನ ಸಂಡಿಗೆ ಮೇಲೆ ಬೀಳ್ತೈತೆ," ಎಂದಳು ಮೆತ್ತಗೆ. "ಮೊಳಕಾಲ್ಮೂರು ಬಸ್ಸಿಗೆ ಇನ್ನೂ ಹೊತ್ತೈತೆ. ಅದನ್ನ ಒಂದಿಷ್ಟು ಆಚೆ ಸರಿಸಿ ಹೊರಡ್ರಿ."