ಬೀಗರ ಹೊಂಡದಲ್ಲಿ ರಾಕೆಟ್ ದೋಣಿ

ಇದನ್ನು ಹೇಳಿಬಿಡಬೇಕೆಂದು ಬಹಳ ಸಲ ಅಂದುಕೊಂಡಿದ್ದೇನೆ. ಪ್ರತಿ ಸಲವೂ ಏನೋ ಕೆಲಸ ನೆನಪಾಗಿ ಎದ್ದು ಹೋಗಿದ್ದೇನೆ. ಕೆಲಸಗಳಾದರೂ ಎಂಥವು! ಒಮ್ಮೆಯಂತೂ ಒಗೆದು ಮಡಿಚಿಟ್ಟ ಬಟ್ಟೆಯನ್ನೇ ಮತ್ತೆ ನೆನೆಹಾಕಿದೆ. ಸಂಶಯ ನನ್ನ ಹುಟ್ಟುಗುಣ. ಹಾಲಿನವನು ನಕ್ಕರೆ ಹಾಲಿಗೆ ನೀರು ಬಿದ್ದಿದೆ ಎಂದುಕೊಳ್ಳುತ್ತೇನೆ. ನಗದಿದ್ದರೆ ಹೆಚ್ಚೇ ಬಿದ್ದಿದೆ ಎಂದು. ಮಹಾರಾಷ್ಟ್ರದ ಗಡಿಯಲ್ಲಿರುವ ನಮ್ಮ ನಿಲಂಗಾದ ಬಸ್ ನಿಲ್ದಾಣದಲ್ಲಿ ಉದಗೀರ ಎಂಬ ಬೋರ್ಡು ಎದುರಿಗೇ ಇದ್ದರೂ ಡ್ರೈವರನ್ನು, ಕಂಡಕ್ಟರನ್ನು, ಕೊನೆಗೆ ಒಳಗೆ ಕುಳಿತು ತೂಕಡಿಸುವವರನ್ನೂ ಕೇಳಿಯೇ ಬಸ್ಸು ಹತ್ತುತ್ತೇನೆ. ಇಂಥವನು ಬೆಂಕಿಯ ಸಾಮಾನಿಗೆ ಕೈ ಹಾಕಬಾರದಿತ್ತು.

ಹಿಟ್ಟಿನ ಗಿರಣಿಯನ್ನು ತಮ್ಮನಿಗೆ ಬಿಟ್ಟುಕೊಟ್ಟ ಮೇಲೆ ಕೈಗೆ ಕೆಲಸವಿರಲಿಲ್ಲ. ಮೊಬೈಲಿನಲ್ಲಿ ಯಾರೋ ಮೊಳದುದ್ದದ ದೋಣಿಗೆ ಆಟದ ರಾಕೆಟ್ಟಿನ ಮೋಟಾರು ಕಟ್ಟಿ ಕೆರೆಯ ಮೇಲೆ ಓಡಿಸುವುದನ್ನು ನೋಡಿದೆ. ಮೋಟಾರೆಂದರೆ ಗಿರಣಿಯದಲ್ಲ, ಹೆಬ್ಬೆರಳು ದಪ್ಪದ ಕಾಗದದ ಕೊಳವೆ, ಒಳಗೆ ಮದ್ದು, ಹಿಂಬದಿಗೆ ಮಣ್ಣಿನ ಸಣ್ಣ ಬಾಯಿ. ಬಾಯಿಗೆ ತಂತಿ ಸಿಕ್ಕಿಸಿ ದೂರದಿಂದ ಬ್ಯಾಟರಿ ಮುಟ್ಟಿಸಿದರೆ ಹೊತ್ತಿಕೊಳ್ಳುತ್ತದೆ. ಪುಣೆಯಿಂದ ಒಂದು ಡಬ್ಬಿ ಮೋಟಾರು ತರಿಸಿ, ಥರ್ಮಾಕೋಲು, ಪ್ಲೈವುಡ್ಡು ಕೂಡಿಸಿ ದೋಣಿ ಮಾಡಿದೆ. ನೀರು ಬೇಕಲ್ಲ! ವಲಾಂಡಿಯಲ್ಲಿ ನನ್ನ ಮಗಳ ಮಾವ, ಅಂದರೆ ನನ್ನ ಬೀಗರು, ಹೊಲದ ಹೊಂಡಕ್ಕೆ ಪ್ಲಾಸ್ಟಿಕ್ ಹಾಸಿ ನೀರು ತುಂಬಿಸಿ ಮೀನು ಬಿಟ್ಟಿದ್ದರು. ಅಲ್ಲಿ ದೋಣಿ ಬಿಡಲೇ ಎಂದು ಅವರನ್ನು ಕೇಳಿದೆ.

“ಬಿಡ್ರೀ ಬೀಗರ, ನಮಗೂ ತಮಾಷಾ ಆಗ್ತದ,” ಎಂದರು. ಆಮೇಲೆ ಮೆಲ್ಲಗೆ, “ಮೀನಿಗಿ ಏನೂ ಆಗಬಾರ್ದ ನೋಡ್ರಿ,” ಎಂದೂ ಸೇರಿಸಿದರು. ಮೊದಲನೆಯ ಮಾತನ್ನು ಮರೆತೆ, ಎರಡನೆಯದನ್ನು ಕಟ್ಟಿಟ್ಟುಕೊಂಡೆ.

ಮೊದಲ ಸಲ ಮೋಟಾರೇನೋ ಬುಸುಗುಟ್ಟಿ ಹೊತ್ತಿತು. ದೋಣಿ ಮಾತ್ರ ಬಿಸಿಲಿಗೆ ಬೇಸತ್ತ ಎಮ್ಮೆಯ ಹಾಗೆ ಮೂತಿ ತಗ್ಗಿಸಿ ನೀರೊಳಗೆ ಹೊಕ್ಕು, ಆಚೆ ದಡದಲ್ಲಿ ಬೆನ್ನು ಕೆಳಗಾಗಿ ಎದ್ದಿತು. ಮೋಟಾರನ್ನು ಬಹಳ ಎತ್ತರಕ್ಕೆ ಕಟ್ಟಿದ್ದೆನೆಂದು ನನ್ನ ಲೆಕ್ಕ. ನನ್ನ ಹೆಂಡತಿಯ ಲೆಕ್ಕ ಬೇರೆ: “ಪೂಜಾ ಮಾಡ್ಲಾರ್ದ ಹೊಸಾ ಸಾಮಾನು ನೀರಿಗಿ ಬಿಟ್ರ ಮತ್ತೇನ್ ಆಗ್ತದ?” ಯಾರ ಲೆಕ್ಕವೂ ಖಾತ್ರಿಯಿಲ್ಲದ್ದರಿಂದ ಮೋಟಾರನ್ನು ಕೆಳಗಿಳಿಸಿದೆ, ಪೂಜೆಯನ್ನೂ ಮಾಡಿದೆ.

ಎರಡನೆಯ ಸಲ ಬೀಗರು ಅಕ್ಕಪಕ್ಕದ ಹೊಲದವರನ್ನೆಲ್ಲ ಕರೆದಿದ್ದರು. ಡಬ್ಬಿಯನ್ನು ಅವರ ಪಂಪಿನ ಕೋಣೆಯಲ್ಲಿಟ್ಟು ಚಹಾ ಕುಡಿದು ಬಂದೆ. ಒಂದಾದ ಮೇಲೊಂದು ಮೋಟಾರು ಕಟ್ಟಿ ಬ್ಯಾಟರಿ ಮುಟ್ಟಿಸಿದೆ. ಒಂದೂ ಹೊತ್ತಲಿಲ್ಲ. “ಕಾಕಾ, ವಲ್ಹಂ ಆಣೂ ಕಾ?” ಎಂದು ಯಾರೋ ಒಬ್ಬ ಮರಾಠಿಯಲ್ಲಿ ಕೇಳಿದ, ದೋಣಿಗೆ ಹುಟ್ಟು ಹಾಕಲು ಕೋಲು ತರಲೇ ಅಂತ. ಎಲ್ಲರೂ ನಕ್ಕರು. ಮೋಟಾರನ್ನು ಕೈಗೆ ತೆಗೆದುಕೊಂಡರೆ ತೇವ! ಹೋದ ಸಲ ಇದೇ ಡಬ್ಬಿಯದು ಹೊತ್ತಿತ್ತಲ್ಲ!

“ಬೀಗರ, ಮೀನಿನ ಚಿಂತಿ ಇದ್ರ ಬಾಯಿಬಿಟ್ಟು ಹೇಳಬೇಕಿತ್ತು. ನೀರು ಹೊಡಿಯೋ ಕಳ್ಳತನ ಯಾಕ ಮಾಡಿದ್ರಿ?”

ಅವರ ಮುಖ ಸಣ್ಣದಾಯಿತು. “ನಾ ಮುಟ್ಟಿಲ್ರೀ. ಮೊದಲ ಊಟ ಮಾಡ್ರಿ, ಬರ್ರಿ.”

“ನಿಮ್ಮ ಮನಿ ನೀರೂ ಬ್ಯಾಡ,” ಎಂದು ದೋಣಿಯನ್ನು ಬಗಲಲ್ಲಿಟ್ಟುಕೊಂಡು ಹೊರಟೆ. ಬುತ್ತಿ ತಂದು ಹೋಳಿಗೆ ಬಡಿಸುತ್ತಿದ್ದ ಮಗಳ ಕೈ ಹಾಗೇ ನಿಂತಿತು.

ಅಂದಿನಿಂದ ಬೀಗರು ನಮ್ಮ ಹೊಸ್ತಿಲು ತುಳಿದಿಲ್ಲ. “ಅಪ್ಪಾ, ಈ ಮನ್ಯಾಗ ನಾ ಯಾವ ಮುಖ ಇಟ್ಕೊಂಡು ಇರ್ಲಿ?” ಎಂದು ಮಗಳು ಫೋನಿನಲ್ಲಿ ಒಮ್ಮೆ ಕೇಳಿದಳು, ಆಮೇಲೆ ಪ್ರತಿ ಸಲ ನನ್ನ ಮಂಡಿನೋವನ್ನಷ್ಟೇ ವಿಚಾರಿಸಿ ಫೋನು ಇಟ್ಟುಬಿಡತೊಡಗಿದಳು. ಆದರೂ ನಾಗರ ಪಂಚಮಿಗೆ ಬೀಗರೇ ಅವಳನ್ನು ಬಸ್ಸು ಹತ್ತಿಸಿ ತವರಿಗೆ ಕಳಿಸಿದರು, ಜೊತೆಗೆ ತೊಗರಿಬೇಳೆ. ಹುಳು ಇರಬಹುದೆಂದು ನಾನು ಮೊರಕ್ಕೆ ಹಾಕಿ ನೋಡಿದೆ. ಇರಲಿಲ್ಲ. ಇಷ್ಟು ಒಳ್ಳೆಯ ಬೇಳೆ ಯಾಕೆ ಕಳಿಸಿದರೆಂದು ಮತ್ತೊಂದು ಸಂಶಯ.

ಹಬ್ಬ ಕಳೆದ ಮೇಲೆ ಹೊಸ ಮೋಟಾರು ತರಿಸಿದೆ. ಮುಂಜಾನೆ ಲಿಂಗಪೂಜೆ ಮುಗಿಸಿ ಅವುಗಳಿಗೂ ವಿಭೂತಿ ಹಚ್ಚಿದೆ, ಲಿಂಗಕ್ಕೆರೆದ ನೀರು, ಪಾದೋದಕ, ಚಿಮುಕಿಸಿದೆ. ಪಾದೋದಕವನ್ನು ನೆಲಕ್ಕೆ ಚೆಲ್ಲುವವರಲ್ಲ ನಾವು. ಬಟ್ಟಲಲ್ಲಿ ಉಳಿದದ್ದನ್ನೂ ಭಕ್ತಿಯಿಂದ ಮೋಟಾರುಗಳ ಬಾಯಿಗೇ ಸುರಿದೆ. ಕಾಗದ ಉಬ್ಬಿತು. ಬಾಯಿಂದ ಕಪ್ಪು ನೀರು ಇಳಿಯಿತು.

“ಹ್ವಾದ ಸಲನೂ ಹಿಂಗೇ ಸುರದಿದ್ರಿ,” ಎಂದಳು ಹೆಂಡತಿ.

“ಆಗ ಯಾಕ ಹೇಳಲಿಲ್ಲ?”

“ಹೇಳಿದ್ರ ನಾನೂ ಬೀಗರ ಕಡಿ ಅಂತಿದ್ರಿ.”

ಅನ್ನುತ್ತಿದ್ದೆ. ಸುಳ್ಳು ಯಾಕೆ ಹೇಳಲಿ?

ಈಗಲೂ ವಲಾಂಡಿಯ ಬಸ್ಸು ಹತ್ತುತ್ತೇನೆ, ಹೊರಡುವುದರೊಳಗೆ ಇಳಿಯುತ್ತೇನೆ. ತಪ್ಪಾಯಿತೆಂದು ನಾನು ಕೈಮುಗಿದಾಗ ನಗಬೇಕೆಂದು ಬೀಗರು ಕಾದಿದ್ದಾರೆಂಬ ಸಂಶಯ. ನಗದೆ, “ಊಟ ಮಾಡ್ರಿ” ಎಂದುಬಿಟ್ಟರೆ ಏನು ಮಾಡಲಿ ಎಂಬ ಭಯ ಅದಕ್ಕಿಂತ ದೊಡ್ಡದು. ನೋಡಿ, ಇಲ್ಲಿಯೂ ಬೀಗರು, ಬೀಗರು ಎಂದೇ ನುಣುಚಿಕೊಳ್ಳುತ್ತ ಬಂದಿದ್ದೇನೆ. ಬೀಗರೆಂದರೆ ಯಾರಾದರೂ ಆಗಬಹುದು. ಊರ ಮಂದಿಯ ಮುಂದೆ ನಾನು ಕಳ್ಳನೆಂದದ್ದು ಒಬ್ಬರನ್ನೇ. ಅವರು ವಲಾಂಡಿಯ ಮನ್ಮಥಪ್ಪನವರು.