ಪೆಟ್ಟಿಗೆಯಿಲ್ಲದ ದುಂಬಿಗಳ ವಿಲೇವಾರಿ

೧೯೪೧ರ ಶ್ರಾವಣದಲ್ಲಿ ಪೆಟ್ಟಿಗೆ ಜೇನು ಮಂಡಳಿಯ ಗೌರವ ಪರಿವೀಕ್ಷಕಿಯು ಗೌನಿಪಲ್ಲಿಯ ಆಸುಪಾಸಿನಲ್ಲಿ ದಾರಿ ತಪ್ಪಿದ್ದು ನಿಜ. ಆ ಪರಿವೀಕ್ಷಕಿ ನಾನೇ. ರಂಗೂನು, ನೈರೋಬಿ, ಜಿನೀವಾಗಳಲ್ಲಿ ದಾರಿ ತಪ್ಪಿದ ಅನುಭವವನ್ನು ಪರಿಗಣಿಸಿಯೇ ಮಂಡಳಿ ನನ್ನನ್ನು ನೇಮಿಸಿತ್ತು. ಗಾಡಿಯಲ್ಲಿ ನನ್ನ ತಗಡಿನ ಟ್ರಂಕೂ ಗುಮಾಸ್ತ ಅಶ್ವತ್ಥಪ್ಪನವರೂ ಇದ್ದರು. ಅವರು ದಾರಿ ತಪ್ಪಿರಲಿಲ್ಲ, ನನ್ನ ಜೊತೆ ಬಂದಿದ್ದರು ಅಷ್ಟೆ.

ಕುಂಬಳದ ಚಪ್ಪರದಡಿ ಕಳೆ ಕೀಳುತ್ತಿದ್ದ ಅಂಜಮ್ಮನನ್ನು ದಾರಿ ಕೇಳಿದೆ.

"ಊರು ನಿಮ್ಮ ಬೆನ್ನ ಹಿಂದೇನೇ ಐತೆ. ಬಂದ ದಾರೀಲೇ ಹೋಗಿ. ಮಜ್ಜಿಗೆ ಕುಡ್ಕೊಂಡು ಹೋಗಿ."

ಮಜ್ಜಿಗೆ ಕುಡಿಯುತ್ತ ಚಪ್ಪರ ನೋಡಿದೆವು. ಹೂಗಳಲ್ಲಿ ಕೋಲ್ಜೇನು, ಸೊಳ್ಳೆಯಷ್ಟೇ ಇರುವ ನಸರಿ, ಹೆಸರು ಗೊತ್ತಿಲ್ಲದ ಹಸಿರು ಪಟ್ಟೆಯದೊಂದು. ಚಪ್ಪರದ ಗಳಗಳಲ್ಲಿ ತೂತು ಕೊರೆದು ಕರೀ ದುಂಬಿಗಳು ಸಂಸಾರ ಹೂಡಿದ್ದವು.

"ಇವು ಯಾವ ಪೆಟ್ಟಿಗೆಯವು?" ಎಂದರು ಅಶ್ವತ್ಥಪ್ಪ.

"ಯಾವ ಪೆಟ್ಟಿಗೆ ಸ್ವಾಮಿ? ಅವುಗಳ ಪಾಡಿಗೆ ಅವೆ."

ನಿಯಮ ಸ್ಪಷ್ಟವಾಗಿತ್ತು: 'ಪೆಟ್ಟಿಗೆಯಲ್ಲಿ ವಾಸವಿಲ್ಲದ ಜೇನು, ದುಂಬಿ ಇತ್ಯಾದಿಗಳು ಹೂವಿನ ಮೇಲೆ ಕೂರತಕ್ಕದ್ದಲ್ಲ.' ಜಿನೀವಾದಲ್ಲಿ ಸಾಲಾಗಿಟ್ಟ ಜೇನುಪೆಟ್ಟಿಗೆಗಳ ಚೆಂದಕ್ಕೆ ಮಾರುಹೋಗಿ ಅದನ್ನು ಬರೆದವಳು ನಾನೇ. ಆದ್ದರಿಂದ ಗಳಗಳನ್ನು ಕಿತ್ತು ಸುಡಲಾಯಿತು, ಟಾರು ಬಳಿದ ಹೊಸ ಗಳ ನೆಡಲಾಯಿತು, ಉಳಿದ ಜೇನುಗಳಿಗೆ ಹೊಗೆಸೊಪ್ಪಿನ ಹೊಗೆ ಹಾಕಲಾಯಿತು. ಪರಿಹಾರವಾಗಿ ಮಂಡಳಿ ಒಂದು ಪೆಟ್ಟಿಗೆ ಜೇನು ಕೊಟ್ಟಿತು. ಅದು ವಾರ ತುಂಬುವ ಮೊದಲೇ ನಿಯಮಾವಳಿ ಓದದೆ ಪಕ್ಕದ ಹುತ್ತಕ್ಕೆ ಹಾರಿಹೋಯಿತು.

ಮತ್ತೆ ತನಿಖೆಗೆ ಹೋದಾಗ ದುಂಬಿ ಮುಟ್ಟದ ಹೀಚುಗಳು ಹಳದಿಯಾಗಿ ಉದುರುತ್ತಿದ್ದವು.

"ಕಾಯಿ ಸಂತೆಗೆ ಹೋಗ್ದಿದ್ರೆ ಮಗಳನ್ನ ಬಾಣಂತನಕ್ಕೆ ಯಾವ ಮುಖ ಇಟ್ಕೊಂಡು ಕರೀಲಿ?" ಎಂದಳು ಅಂಜಮ್ಮ. "ಮಜ್ಜಿಗೆ ಕುಡಿದ ಋಣ ಐತಲ್ಲ. ನನ್ ದುಂಬಿ ನಂಗೆ ಕೊಡಿ. ಇಲ್ಲಾಂದ್ರೆ ಅದರ ಕೆಲಸ ನೀವೇ ಮಾಡಿ."

ಅಶ್ವತ್ಥಪ್ಪ ಯೋಚಿಸಿದರು. "ಕಾನೂನಿನ ಅಡ್ಡಿಯಿಲ್ಲ. ಆದರೆ ಅಮ್ಮಾವ್ರೇ, ತಾವು ಯಾವ ಪೆಟ್ಟಿಗೆಯಲ್ಲಿ ವಾಸ?"

ನಾನು ಟ್ರಂಕು ತೋರಿಸಿದೆ. ನನ್ನ ಸಂಸಾರವೆಲ್ಲ ಅದರಲ್ಲೇ ಎಂದು ಅಣ್ಣ ಎಷ್ಟೋ ವರ್ಷದಿಂದ ಬೈಯುತ್ತಿದ್ದ. ಅದಕ್ಕೆ ಅಂಟಿದ್ದ ಹಡಗಿನ ಚೀಟಿಗಳ ಮೇಲೆ ಮಂಡಳಿಯ ನಂಬರು ಬರೆಯಲಾಯಿತು. ಆದೇಶವೂ ಹೊರಟಿತು: 'ಸದರಿಯವರನ್ನು ಹಂಗಾಮಿ ದುಂಬಿಯಾಗಿ ನೇಮಿಸಿದೆ. ಭತ್ಯೆ ಇಲ್ಲ. ಝೇಂಕಾರ ಐಚ್ಛಿಕ.'

ಬೆಳಬೆಳಗ್ಗೆ ಗಂಡು ಹೂ ಕಿತ್ತು, ಎಸಳು ಸುಲಿದು, ಹೆಣ್ಣು ಹೂವಿಗೆ ಸವರತೊಡಗಿದೆ.

"ಈ ದುಂಬಿ ನಮ್ಮ ಹೊಲಕ್ಕೂ ಬರ್ತದಾ?" ಪಕ್ಕದ ಹೊಲದ ಮುನಿಯಲ್ಲಪ್ಪ ಬೇಲಿಯಾಚೆಯಿಂದ ಕೇಳಿದ.

"ನಮ್ದು ಮುಗೀಲಿ ಇರೋ. ಸ್ವಲ್ಪ ನಿಧಾನ, ಆದ್ರೆ ಕಚ್ಚಲ್ಲ," ಎಂದಳು ಅಂಜಮ್ಮ.

ಹೀಚು ನಿಂತವು, ಬಲಿತವು. ಮೊದಲ ಕಾಯಿ ಸಂತೆಗೆ ಹೊರಟ ದಿನ, ಎಲ್ಲಿತ್ತೋ, ಒಂದು ಕರೀ ದುಂಬಿ ಬಂದು ನಾನು ಬಗ್ಗಿದ್ದ ಹೂವಿನಲ್ಲೇ ಕೂತಿತು. ಹಿಂದೆಯೇ ನಸರಿ, ಕೋಲ್ಜೇನು.

"ಇವು ಯಾವ ಪೆಟ್ಟಿಗೆಯವು?" ಅಶ್ವತ್ಥಪ್ಪ ಪೆನ್ನು ತೆಗೆದರು.

"ನನ್ನ ಟ್ರಂಕಿನವು," ಎಂದೆ.

"ಎಲ್ಲವೂ?"

"ಒಂದೇ ಕುಟುಂಬ."

ಅವರು ಬರೆದುಕೊಂಡರು. ಅಂಜಮ್ಮ ಟಾರು ಬಳಿಯದ ಎರಡು ಒಣಗಿದ ಗಳ ತಂದು ನೆಟ್ಟಳು. ಟ್ರಂಕಿನ ಸೀರೆಗಳನ್ನೆಲ್ಲ ಗಂಟು ಕಟ್ಟಿ, ಖಾಲಿ ಟ್ರಂಕನ್ನು ಚಪ್ಪರದಡಿ ಬಾಯಿ ತೆರೆದಿಟ್ಟು, ಗಂಟು ಕಂಕುಳಲ್ಲಿಟ್ಟುಕೊಂಡು ಗೌನಿಪಲ್ಲಿಗೆ ಹೊರಟೆ. ಬಂದ ದಾರಿಯಲ್ಲೇ.